ತಿದ್ದುವುದು ಮತ್ತು ಬಗ್ಗಿಸುವುದು

ತಪ್ಪಿ ನಡೆದವನನ್ನು ತಿದ್ದುವುದು ಬೇರೆ, ಬಗ್ಗಿಸುವುದು ಬೇರೆ. ಬಹಿರಂಗವನ್ನು ನೆಟ್ಟಗೆ ನಿಲ್ಲಿಸಿದರೆ ಅಂತರಂಗವೂ ತಾನಾಗಿ ನೆಟ್ಟಗಾಗುವುದೆಂದು ನಂಬಿದ ವ್ಯವಸ್ಥೆಯೊಂದು ಅಮೆರಿಕದಲ್ಲಿ ಬೆಳೆಯಿತು. ಅದೇ ‘ಬೂಟ್ ಕ್ಯಾಂಪ್’.

1983ರಲ್ಲಿ ಜಾರ್ಜಿಯಾ ಹಾಗೂ ಒಕ್ಲಹೋಮ ರಾಜ್ಯಗಳಲ್ಲಿ ಇದು ಆರಂಭವಾಯಿತು. ಯುವ ಅಪರಾಧಿಗಳನ್ನು ವರ್ಷಗಟ್ಟಲೆ ಸೆರೆಯಲ್ಲಿಡುವ ಬದಲು ಕೆಲವು ತಿಂಗಳು ಸೈನಿಕ ಶಿಬಿರದ ಕಟ್ಟುಪಾಡಿಗೆ ಒಳಪಡಿಸಿ ಬಿಡುಗಡೆ ಮಾಡುವುದು ಇದರ ಕ್ರಮ. ನಸುಕಿನಲ್ಲೇ ಏಳುವುದು, ಕವಾಯತು, ಮೈಮುರಿಯುವ ದುಡಿಮೆ, ಜೊತೆಗೆ ಸಿಬ್ಬಂದಿಯ ಗದರಿಕೆ. ಸೆರೆಮನೆಯ ದಟ್ಟಣೆ ಇಳಿಯಬೇಕು, ವೆಚ್ಚ ಉಳಿಯಬೇಕು, ಮನುಷ್ಯನೂ ತಿದ್ದಿಕೊಳ್ಳಬೇಕು. ಎಲ್ಲವೂ ತೊಂಬತ್ತು ನೂರಿಪ್ಪತ್ತು ದಿನಗಳಲ್ಲಿ! 1995ರ ವೇಳೆಗೆ ರಾಜ್ಯಗಳು ವಯಸ್ಕರಿಗಾಗಿ ನಡೆಸುತ್ತಿದ್ದ ಶಿಬಿರಗಳು 75. 2000ದಲ್ಲಿ ಉಳಿದವು 51.

ಈ ಇಳಿಕೆಗೆ ಕಾರಣವಿತ್ತು. ಅಮೆರಿಕದ ನ್ಯಾಯ ಇಲಾಖೆಯ ಸಂಶೋಧನಾ ಸಂಸ್ಥೆಯು ಒಂದು ದಶಕದ ಅಧ್ಯಯನಗಳನ್ನು ಪರಾಮರ್ಶಿಸಿ 2003ರಲ್ಲಿ ವರದಿಯೊಂದನ್ನು ಪ್ರಕಟಿಸಿತು. ಶಿಬಿರದಲ್ಲಿದ್ದಾಗ ಯುವಕರ ಮನೋಭಾವ ಸುಧಾರಿಸುವುದು ನಿಜ. ಆದರೆ ಹೊರಬಂದ ಮೇಲೆ ಅವರು ಮತ್ತೆ ಅಪರಾಧಕ್ಕಿಳಿಯುವುದು, ಕೆಲವೆಡೆಯ ಹೊರತು, ಕಡಿಮೆಯಾಗಲಿಲ್ಲ. ಅವಧಿ ತೀರ ಅಲ್ಪ, ಮರಳಿ ಸಮಾಜವನ್ನು ಸೇರುವ ಸಿದ್ಧತೆಯೂ ಸಾಲದು ಎಂಬುದು ಆ ವರದಿಯ ಅಭಿಪ್ರಾಯ. ಇದರಲ್ಲಿ ಆಶ್ಚರ್ಯವೇನು? ಕವಾಯತು ಕಲಿತ ಯುವಕ ಮರಳುವುದು ಅದೇ ಬೀದಿಗೆ, ಅದೇ ಗೆಳೆಯರ ನಡುವೆಗೆ. ಅಲ್ಲಿ ಅವನಿಗೆ ಬೇಕಾದದ್ದು ಕಾಯಕ, ವ್ಯಸನದಿಂದ ಬಿಡುಗಡೆ, ‘ನಮ್ಮವನು’ ಎನ್ನುವ ಒಂದು ಮನೆ.

ನ್ಯೂಯಾರ್ಕ್ ರಾಜ್ಯ ಇದನ್ನು ಅಲ್ಪಸ್ವಲ್ಪ ಅರಿತಂತಿತ್ತು. ಅಲ್ಲಿ 1987ರಲ್ಲಿ ಆರಂಭವಾದ ಆರು ತಿಂಗಳ ಶಿಬಿರದಲ್ಲಿ ಕವಾಯತಿನೊಡನೆ ಓದು, ವ್ಯಸನಮುಕ್ತಿಯ ಚಿಕಿತ್ಸೆಗಳೂ ಇದ್ದವು. ಬಿಡುಗಡೆಯ ನಂತರವೂ ಅಧಿಕಾರಿಗಳು ಬೆನ್ನಿಗಿದ್ದು ಉದ್ಯೋಗಕ್ಕೆ ನೆರವಾಗುತ್ತಿದ್ದರು.

ಮರಳಿ ಬಂದವರ ಮಾತು ಹಾಗಿರಲಿ, ಮರಳಿ ಬಾರದವರೂ ಉಂಟು. ಮಾರ್ಟಿನ್ ಲೀ ಆಂಡರ್ಸನ್ ಹದಿನಾಲ್ಕು ವರ್ಷದ ಬಾಲಕ. ಅಜ್ಜಿಯ ಕಾರನ್ನು ಒಯ್ದ ಪ್ರಕರಣದಲ್ಲಿ ಪ್ರೊಬೇಷನ್ ಮೇಲಿದ್ದು, ಅದರ ನಿಯಮ ಮೀರಿದ್ದಕ್ಕಾಗಿ 2006ರ ಜನವರಿ 5ರಂದು ಫ್ಲಾರಿಡಾದ ಬೇ ಕೌಂಟಿಯ ಶಿಬಿರಕ್ಕೆ ಬಂದವನು. ಮೊದಲ ದಿನವೇ ಓಡುತ್ತ ಕುಸಿದ. ನಟನೆಯೆಂದು ಬಗೆದ ಕಾವಲುಗಾರರು ಅವನನ್ನು ಅದುಮಿ ಹಿಡಿದು ಮೂಗಿಗೆ ಅಮೋನಿಯಾ ಒಡ್ಡಿದರು. ಮರುದಿನ ಬಾಲಕ ತೀರಿಕೊಂಡ. ಉಸಿರುಗಟ್ಟಿ ಸತ್ತನೆಂದು ಎರಡನೆಯ ಶವಪರೀಕ್ಷೆ ತಿಳಿಸಿತು. ಅದೇ ವರ್ಷ ಫ್ಲಾರಿಡಾ ತನ್ನ ಬಾಲಶಿಬಿರಗಳನ್ನು ಕಾನೂನಿನಿಂದಲೇ ಮುಚ್ಚಿತು. ಆ ಕಾನೂನಿಗೆ ಬಾಲಕನ ಹೆಸರನ್ನೇ ಇಟ್ಟಿತು. ಏಳು ಕಾವಲುಗಾರರೂ ಒಬ್ಬ ದಾದಿಯೂ ವಿಚಾರಣೆ ಎದುರಿಸಿದರು. 2007ರ ಅಕ್ಟೋಬರಿನಲ್ಲಿ ಜ್ಯೂರಿಯು ಎಂಟೂ ಜನರನ್ನು ನಿರ್ದೋಷಿಗಳೆಂದು ಸಾರಿತು.