ಲೋರೈಡರ್ ಹಬ್ಬಕ್ಕೊಂದು ಲೋಗೊ

ಪೋಸ್ಟರಿನಲ್ಲಿ ಕಾರು ಎಷ್ಟು ಎತ್ತರದಲ್ಲಿರಬೇಕು? ಕೇಳುವುದಕ್ಕೆ ಹುಡುಗಾಟದ ಪ್ರಶ್ನೆ. ಕ್ಯಾಲಿಫೋರ್ನಿಯಾದ ಲೋರೈಡರ್ (ನೆಲಕ್ಕೆ ತಗ್ಗಿಸಿ ಸಿಂಗರಿಸಿದ ಕಾರು) ಹಬ್ಬಗಳ ಪೋಸ್ಟರುಗಳಲ್ಲಿ ಎಷ್ಟೋ ಕಾರುಗಳು ಮುಂಗಾಲೆತ್ತಿದ ಕುದುರೆಯ ಹಾಗೆ ಮುಂದಿನ ಚಕ್ರ ಗಾಳಿಗೆತ್ತಿ ನಿಂತಿರುತ್ತವೆ. ಆದರೆ ಈ ಕಲೆಯನ್ನು ಬೆಳೆಸಿದ ಚಿಕಾನೊಗಳು, ಅಂದರೆ ಅಲ್ಲಿನ ಮೆಕ್ಸಿಕನ್ ಮೂಲದವರು, ಹೇಳುವುದೇ ಬೇರೆ: ಕಾರು ನೆಲಕ್ಕೆ ಹತ್ತಿರವಿರಬೇಕು, ಬೀದಿಯಲ್ಲಿ ನಿಧಾನವಾಗಿ ಸಾಗಬೇಕು.

*

ಕಾನೂನಿನ ಕಥೆ ಓದಿದೆ. ಗೊಂದಲ ಇನ್ನಷ್ಟು ಹೆಚ್ಚಿತು. ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ಕೆಳಗೆ ಇಳಿಯಬಾರದೆಂದು 1950ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾ ಕಟ್ಟಳೆ ತಂದಿತು. 1959ರಲ್ಲಿ ರಾನ್ ಅಗಿರೆ ಎಂಬಾತ ತನ್ನ ಕಾರ್ವೆಟ್ ಕಾರಿಗೆ ಹೈಡ್ರಾಲಿಕ್ ಪಂಪು ಕೂರಿಸಿದ. ಪೊಲೀಸರು ಕಂಡರೆ ಸ್ವಿಚ್ ಒತ್ತಿದರಾಯಿತು, ಕಾರು ಏಳುತ್ತದೆ. ಅವರು ಮರೆಯಾದರೆ ಮತ್ತೆ ಕೂರುತ್ತದೆ. ಇವತ್ತು ಜನ ಶಿಳ್ಳೆ ಹೊಡೆದು ನೋಡುವ ಕಾರಿನ ಕುಣಿತದ ಬೇರು ಅಲ್ಲಿದೆ. ಆ ನಿರ್ಬಂಧ ಹೋದದ್ದು 2024ರ ಜನವರಿಗೆ.

ಹಾಗಾದರೆ ಲೋಗೊದಲ್ಲಿ ಜಿಗಿಯುತ್ತಿರುವ ಕಾರಿನದು ಸಂಭ್ರಮವೋ, ಪೊಲೀಸರಿಗೆ ತಿನ್ನಿಸಿದ ಚಳ್ಳೆಹಣ್ಣೋ? ನನ್ನ ಓಟು ತಗ್ಗಿ ಕೂತ ಕಾರಿಗೆ. ಅಷ್ಟು ವರ್ಷ ಬೇಡವೆನ್ನಿಸಿಕೊಂಡದ್ದು ಅದೇ ತಾನೆ.

*

ಬಣ್ಣದ ಪಟ್ಟಿ ಮಾಡಲು ಹೊರಟರೆ ಇನ್ನೊಂದು ತೊಡಕು. ಈ ಕಾರುಗಳಿಗೆ ಬಳಿಯುವ ಕ್ಯಾಂಡಿ ಪೇಂಟ್ ಒಂದೇ ಬಣ್ಣವಲ್ಲ. ಕೆಳಗೆ ಬೆಳ್ಳಿಯದೋ ಚಿನ್ನದ್ದೋ ಹೊಳಪು, ಮೇಲೆ ಪಾರದರ್ಶಕ ಬಣ್ಣದ ಪದರದ ಮೇಲೆ ಪದರ, ಕೊನೆಗೆ ವಾರ್ನಿಷ್. ನೆರಳಿನಲ್ಲಿ ಕಪ್ಪಿಗೆ ತಿರುಗುವ ಕೆಂಪು ಬಿಸಿಲಿಗೆ ಬಂದೊಡನೆ ಉರಿಯುತ್ತದೆ. ಚಾವಣಿಯ ಮೇಲೆ ಲೇಸ್ ಬಟ್ಟೆ ಹಾಸಿ, ಅದರ ಮೇಲೆ ಸ್ಪ್ರೇ ಹೊಡೆದು, ಬಟ್ಟೆ ಎತ್ತಿದರೆ ನೂಲಿನ ಒಂದೊಂದು ಹೂವೂ ಲೋಹದ ಮೇಲೆ ಉಳಿದಿರುತ್ತದೆ. ಇದಕ್ಕೆಲ್ಲ ಪ್ರೆಸ್ಸಿನವರಿಗೆ ಯಾವ ಬಣ್ಣದ ನಂಬರು ಕೊಡುವುದು?

ಪೂರ್ವ ಲಾಸ್ ಏಂಜಲೀಸಿನ ಜೆಸ್ಸಿ ವಾಲಾಡೆಸ್ ಅವರ 1964ರ ಇಂಪಾಲಾ ಕಾರು ‘ಜಿಪ್ಸಿ ರೋಸ್’ ಗುಲಾಬಿ ಬಣ್ಣದ್ದು, ಮೈತುಂಬ ಗುಲಾಬಿ ಹೂಗಳು. 2017ರಲ್ಲಿ ಅದನ್ನು ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್‌ನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನಿಲ್ಲಿಸಿದ್ದರು. ಬೀದಿ ಸುತ್ತಲೆಂದೇ ಹುಟ್ಟಿದ ಕಾರು! ಆ ಗುಲಾಬಿಗಳನ್ನು ಲೋಗೊದ ನಾಲ್ಕು ಗೆರೆಗೆ ಇಳಿಸಿದರೆ ಸೋಪಿನ ಡಬ್ಬಿಯ ಹೂವಾಗುತ್ತದೆ.

*

ಅಕ್ಷರಗಳ ವಿಷಯದಲ್ಲಿ ವಿನ್ಯಾಸಕಾರರು ತಲೆ ಕೆಡಿಸಿಕೊಳ್ಳಬೇಕಿಲ್ಲ, ನಮೂನೆ ಆಗಲೇ ಇದೆ. ಕಾರಿನ ಹಿಂದಿನ ಗಾಜಿನ ಬಳಿ ಮಾಲೀಕರ ಕಾರು ಕ್ಲಬ್ಬಿನ ಹೆಸರಿನ ಲೋಹದ ಫಲಕ ನಿಂತಿರುತ್ತದೆ. ಹೆಚ್ಚಾಗಿ ಎರಕದ ಅಲ್ಯೂಮಿನಿಯಂ, ಮೇಲೆ ಕ್ರೋಮಿನ ಮಿಂಚು, ಹಳೆಯ ಗೋಥಿಕ್ ಅಕ್ಷರಗಳು. ಹಿಂದೆ ಹಲಗೆಯಿಲ್ಲ, ಅಕ್ಷರಗಳ ನಡುವಿನ ಸಂದಿಯಲ್ಲಿ ಬೀದಿ ಕಾಣುತ್ತದೆ. ಹಾಗಾಗಿ ಒಂದೊಂದು ಅಕ್ಷರವೂ ಪಕ್ಕದ್ದನ್ನೋ ಚೌಕಟ್ಟನ್ನೋ ಹಿಡಿದುಕೊಂಡಿರಲೇಬೇಕು, ಬಿಟ್ಟರೆ ಉದುರುತ್ತದೆ. ಅಲಂಕಾರವೆಂದು ಕಂಡ ಬಳುಕುಗಳಲ್ಲಿ ಕೆಲವು ಭಾರ ಹೊರುವ ಕೊಂಡಿಗಳು.

ಮೊಬೈಲಿನಲ್ಲಿ ಓದಲಾಗುವುದಿಲ್ಲ ಎಂದು ಯಾರಾದರೂ ಆಕ್ಷೇಪ ಎತ್ತಿಯೇ ಎತ್ತುತ್ತಾರೆ. ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯ ತಲೆಬರಹವೂ ಗೋಥಿಕ್ಕೇ. ಪತ್ರಿಕೆಯ ನೆತ್ತಿಯ ಮೇಲಿದ್ದರೆ ಗೌರವ, ಓಣಿಯ ಗೋಡೆಯ ಮೇಲಿದ್ದರೆ ಪುಂಡರ ಗುರುತು. ಇದು ಯಾವ ನ್ಯಾಯವೋ.

*

ಎಲ್ಲವನ್ನೂ ಒಂದೇ ಗುರುತಿಗೆ ಇಳಿಸುವ ಮಾತು ಬಂದಾಗ ಸ್ಯಾನ್ ಡಿಯೇಗೊದ ಚಿಕಾನೊ ಪಾರ್ಕ್ ನೆನಪಾಗುತ್ತದೆ. ಸೇತುವೆಯಡಿಯ ಆ ಜಾಗದಲ್ಲಿ ಹೆದ್ದಾರಿ ಪೊಲೀಸರ ಠಾಣೆ ಬರಲಿದೆ ಎಂದು ತಿಳಿದು, 1970ರ ಏಪ್ರಿಲ್ 22ರಂದು ಕೇರಿಯವರು ನುಗ್ಗಿ ನೆಲವನ್ನು ತಮ್ಮದಾಗಿಸಿಕೊಂಡರು. 1973ರಿಂದ ಕಂಬಗಳ ಮೇಲೆ ಚಿತ್ರಗಳು. ಬೇರೆ ಬೇರೆ ಕೈ, ಬೇರೆ ಬೇರೆ ಬಣ್ಣ, ಒಂದಕ್ಕೊಂದು ಹೊಂದುವುದೂ ಇಲ್ಲ. ವಾರ್ಷಿಕೋತ್ಸವದಲ್ಲಿ ಲೋರೈಡರುಗಳು ಅಲ್ಲಿಗೇ ಬರುತ್ತವೆ. ಎಲ್ಲವನ್ನೂ ಒಂದೇ ಅಚ್ಚಿಗೆ ಹಾಕಬೇಕೆಂಬ ಹಠ ಅಲ್ಲಿ ಕಾಣುವುದಿಲ್ಲ.

*

ನನಗೆ ತೋಚಿದ್ದು: ಹಬ್ಬದ ಗುರುತು ಹಿಂಗಾಜಿನ ಆಕಾರದ ಖಾಲಿ ಚೌಕಟ್ಟಷ್ಟೇ ಆಗಲಿ. ಅದನ್ನು ಊರಿನ ಪಿನ್‌ಸ್ಟ್ರೈಪ್ (ಕಾರಿನ ಮೈಮೇಲೆ ತೆಳುಗೆರೆ ಎಳೆಯುವ) ಕಲಾವಿದರೊಬ್ಬರು ಕುಂಚದಿಂದಲೇ ಎಳೆಯಲಿ. ಒಳಗೆ ಒಂದು ಬ್ಯಾನರಿಗೆ ಒಂದು ಕ್ಲಬ್ಬಿನ ಫಲಕ, ಇನ್ನೊಂದಕ್ಕೆ ಇನ್ನೊಂದರದು. ಪ್ರಾಯೋಜಕರ ಲೋಗೊಗಳು ಬೇಕಾದರೆ ಬ್ಯಾನರಿನ ಬೆನ್ನ ಹಿಂದೆ ಹೋಗಲಿ.

ಆಗಲೂ ಜಗಳ ತಪ್ಪಿದ್ದಲ್ಲ. ಬೀದಿಯ ಬಾಯಲ್ಲೇ ತೂಗುವ ಮೊದಲ ಬ್ಯಾನರು ಯಾರದು? ಬೆಳಿಗ್ಗೆ ಮೊದಲು ಬಂದು ಕಾರು ನಿಲ್ಲಿಸಿದ ಕ್ಲಬ್ಬಿನದು ಎಂದರೆ, ಹಿಂದಿನ ರಾತ್ರಿಯೇ ಬೀದಿ ತುಂಬಿಹೋದೀತು.