ಕೊಟೇಶನ್ನಿನ ಕೆಳಗಿನ ಸಾಲುಗಳು

ಅಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಶುರುವಾದ ಮೇಲೆ ಕಾರು ನಮ್ಮ ಮನೆಗೆ ಅನಿವಾರ್ಯವಾಯಿತು. ಅರಸೀಕೆರೆ ಕಡೆಯ ನಮ್ಮ ಊರಿನಿಂದ ಹಾಸನಕ್ಕೆ ನಲವತ್ತು ಕಿಲೋಮೀಟರಿಗೂ ಮೇಲೆ. ಹೋಗುವಾಗ ಹೇಗೋ ಬಸ್ಸಿನಲ್ಲಿ ಕೂತು ಹೋಗುತ್ತಿದ್ದರು. ನಾಲ್ಕು ಗಂಟೆ ಯಂತ್ರಕ್ಕೆ ಮೈಯೊಡ್ಡಿ ಎದ್ದ ಮೇಲೆ ಬಿಪಿ ಇಳಿದು, ಕಣ್ಣು ಕತ್ತಲೆ ಬಂದು, ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಮಲಗಿಬಿಡುತ್ತಿದ್ದರು. ಪ್ರತಿ ಸಲವೂ ಬಾಡಿಗೆ ಕಾರು ಮಾಡಿದರೆ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿಯಾದ ನನ್ನ ಸಂಬಳದಲ್ಲಿ ಮನೆ ನಡೆಯುವುದಿಲ್ಲ. ತಮ್ಮನಿಗೆ ಡ್ರೈವಿಂಗ್ ಬರುತ್ತದೆ. ಸರ್ಕಾರಿ ವಿಮಾ ಇಲಾಖೆಯ (ಕೆಜಿಐಡಿ) ಸಾಲ, ಚೀಟಿ ದುಡ್ಡು, ಉಳಿದದ್ದಕ್ಕೆ ಬ್ಯಾಂಕ್ ಸಾಲ ಎಂದು ಲೆಕ್ಕ ಹಾಕಿ ಸಣ್ಣದೊಂದು ಪೆಟ್ರೋಲ್ ಕಾರು ತೆಗೆದುಕೊಳ್ಳುವುದೆಂದು ತೀರ್ಮಾನಿಸಿದೆವು.

ಅದು 2025ರ ಮಳೆಗಾಲ. ಆಷಾಢದಲ್ಲಿ ನಮ್ಮ ಕಡೆ ಯಾರೂ ಹೊಸ ಗಾಡಿ ಮನೆಗೆ ತರುವುದಿಲ್ಲ. ಅದಕ್ಕೇ ಶೋರೂಮಿನವರು ಆ ತಿಂಗಳು ರಿಯಾಯಿತಿ ಸಾರುತ್ತಾರೆ. ಅಮ್ಮ ಒಪ್ಪಲಿಲ್ಲ. ಆಗಸ್ಟ್ 15ರಂದು ಕೆಂಪುಕೋಟೆಯಿಂದ ಪ್ರಧಾನಿ ಜಿಎಸ್‌ಟಿ ಇಳಿಸುವ ಮಾತಾಡಿದರು. ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ಅದನ್ನು ನಿರ್ಧರಿಸಿತು. ನಾಲ್ಕು ಮೀಟರಿನೊಳಗಿನ ಉದ್ದ, 1,200 ಸಿಸಿ ಒಳಗಿನ ಎಂಜಿನ್ ಇರುವ ಪೆಟ್ರೋಲ್ ಕಾರಿಗೆ ಅಲ್ಲಿಯವರೆಗೆ ಶೇಕಡ 28 ಜಿಎಸ್‌ಟಿ, ಮೇಲೆ ಶೇಕಡ 1 ಸೆಸ್ ಇತ್ತು. ಎರಡೂ ಹೋಗಿ ಶೇಕಡ 18 ಮಾತ್ರ ಉಳಿಯಿತು. ಜಾರಿಯಾಗುವ ದಿನ ಸೆಪ್ಟೆಂಬರ್ 22. ಹಿಂದಿನ ದಿನ ಮಹಾಲಯ ಅಮಾವಾಸ್ಯೆ. ಪಿತೃಪಕ್ಷ ಮುಗಿದು ನವರಾತ್ರಿ ಶುರುವಾಗುವ ದಿನವೇ ಹೊಸ ಬೆಲೆ. ನಾವು ನೋಡಿಟ್ಟಿದ್ದ ಕಾರಿನ ಎಕ್ಸ್ ಶೋರೂಮ್ ಬೆಲೆ ಸುಮಾರು 7,60,000ದಿಂದ 6,95,000ಕ್ಕೆ ಇಳಿಯಿತು. ಅರವತ್ತೈದು ಸಾವಿರ ರೂಪಾಯಿ ಕಡಿಮೆ. ಅಪ್ಪನ ಔಷಧಿಗೆ ಎಷ್ಟೋ ತಿಂಗಳ ದಾರಿಯಾಯಿತೆಂದು ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು.

ನವರಾತ್ರಿಯ ಮೊದಲ ವಾರ ಹಾಸನದ ಶೋರೂಮೊಂದಕ್ಕೆ ನಾನು, ತಮ್ಮ ಹೋದೆವು. ಕಾಲಿಡಲು ಜಾಗವಿಲ್ಲದಷ್ಟು ಜನ. ಸೇಲ್ಸ್ ಹುಡುಗ ಮೊದಲು ಕೇಳಿದ್ದು, "ಮೇಡಂ, ಮನೆಯವರು ಬಂದಿಲ್ವಾ?" ಕೊಳ್ಳುವವಳು ನಾನೇ ಎಂದರೂ ಬೆಲೆಯ ಮಾತು ಬಂದಾಗಲೆಲ್ಲ ಅವನು ತಮ್ಮನ ಕಡೆ ತಿರುಗುತ್ತಿದ್ದ. ಕೊನೆಗೆ ಒಂದು ಹಾಳೆ ತಂದು, ಕೆಳಗಿನ ಮೊತ್ತಕ್ಕೆ ಪೆನ್ನಿನಿಂದ ಸುತ್ತು ಹಾಕಿ ನಮ್ಮ ಮುಂದಿಟ್ಟ. ಆನ್‌ರೋಡ್ 9,01,000. "ಇವತ್ತು ಬುಕ್ ಮಾಡಿದ್ರೆ ಆಯುಧಪೂಜೆಗೆ ಗಾಡಿ ಮನೇಲಿರುತ್ತೆ. ನಾಳೆ ಅಂದ್ರೆ ದೀಪಾವಳಿ ಆದ್ಮೇಲೇ."

ಆ ಹಾಳೆ ಇಂದಿಗೂ ನನ್ನ ಹತ್ತಿರವಿದೆ. ಎಕ್ಸ್ ಶೋರೂಮ್ 6,95,000. ಆರ್‌ಟಿಓ 1,12,500. ಇನ್ಶೂರೆನ್ಸ್ 43,200. ಎಕ್ಸ್‌ಟೆಂಡೆಡ್ ವಾರಂಟಿ 13,500. ಆಕ್ಸೆಸರೀಸ್ ಕಿಟ್ 18,900. ಟೆಫ್ಲಾನ್ ಮತ್ತು ಆಂಟಿ ರಸ್ಟ್ ಕೋಟಿಂಗ್ 9,800. ಹ್ಯಾಂಡ್ಲಿಂಗ್ 7,500. ಫಾಸ್ಟ್ಯಾಗ್ 600. ಮೊದಲ ಸಾಲಿನಲ್ಲಿ ಚೌಕಾಸಿಗೆ ಜಾಗವಿರಲಿಲ್ಲ. ಅದು ಕಂಪನಿ ಕಟ್ಟಿದ ಬೆಲೆ. ಆಷಾಢದಲ್ಲಿ ಕೊಡುತ್ತಿದ್ದ ರಿಯಾಯಿತಿ ಏನಾಯಿತೆಂದು ಕೇಳಿದ್ದಕ್ಕೆ ಮ್ಯಾನೇಜರ್, "ಜಿಎಸ್‌ಟಿ ಇಳಿಕೆ ಪೂರ್ತಿ ಕೊಟ್ಟಿದೀವಲ್ಲ ಮೇಡಂ, ಇನ್ನೇನು ಕೇಳ್ತೀರಿ?" ಎಂದರು. ಬುಕಿಂಗಿಗೆ 11,000 ಕಟ್ಟಿ, ರಸೀದಿಯ ಹಿಂಬದಿಯ ನಿಯಮಗಳನ್ನು ಅಲ್ಲೇ ನಿಂತು ಓದಿ, ಹಾಳೆ ಹಿಡಿದು ಮನೆಗೆ ಬಂದೆ. ನನ್ನ ಹೋರಾಟವೆಲ್ಲ ನಡೆದದ್ದು ಆ ಮೊದಲ ಸಾಲಿನ ಕೆಳಗೆ.

ಮೊದಲು ತೆರಿಗೆ. ದೇಶದಲ್ಲೇ ಹೆಚ್ಚು ವಾಹನ ತೆರಿಗೆ ಇರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ಜೀವಾವಧಿ ತೆರಿಗೆ ಶೇಕಡ 14, ಆ ತೆರಿಗೆಯ ಮೇಲೆ ಶೇಕಡ 11 ಸೆಸ್. ಎರಡೂ ಸೇರಿ ಶೇಕಡ 15.54. ನಮ್ಮ ಕಾರಿಗೆ ಒಂದು ಲಕ್ಷ ಎಂಟು ಸಾವಿರದ ಆಸುಪಾಸು. ನೋಂದಣಿ ಶುಲ್ಕ 600, ಬ್ಯಾಂಕ್ ಸಾಲವಿದ್ದರೆ ಹೈಪಾಥಿಕೇಶನ್‌ಗೆ 1,500, ಜೊತೆಗೆ ಕಾರ್ಡಿನ ಶುಲ್ಕದಂಥ ಸಣ್ಣಪುಟ್ಟವು. ನಂಬರ್ ಪ್ಲೇಟಿನ ಬೆಲೆ ಕಾರಿನ ಬೆಲೆಯಲ್ಲೇ ಸೇರಿರುತ್ತದೆ. ಹೇಗೆ ಕೂಡಿದರೂ 1,10,400 ದಾಟಲಿಲ್ಲ. ಹಾಳೆಯಲ್ಲಿ ಅದಕ್ಕಿಂತ ಎರಡು ಸಾವಿರಕ್ಕೂ ಹೆಚ್ಚಿತ್ತು. ಕೇಳಿದಾಗ "ಅದು ಆರ್‌ಟಿಓ ಖರ್ಚು" ಎಂಬ ಉತ್ತರ. ಸರ್ಕಾರಕ್ಕೆ ಕಟ್ಟಿದ್ದಕ್ಕೆಲ್ಲ ವಾಹನ್ ಪೋರ್ಟಲ್‌ನಲ್ಲಿ ರಸೀದಿ ಹುಟ್ಟುತ್ತದೆ. ರಸೀದಿಯಲ್ಲಿ ಎಷ್ಟಿದೆಯೋ ಅಷ್ಟೇ ಕೊಡುತ್ತೇನೆ ಎಂದೆ.

ಎರಡನೆಯದು ಇನ್ಶೂರೆನ್ಸ್. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 1,000ದಿಂದ 1,500 ಸಿಸಿವರೆಗಿನ ಕಾರಿಗೆ ಕೇಂದ್ರ ಸರ್ಕಾರ 2022ರಲ್ಲಿ ನಿಗದಿ ಮಾಡಿದ ಮೂರು ವರ್ಷದ ಕಂತು 10,640 ರೂಪಾಯಿ, ಜಿಎಸ್‌ಟಿ ಬೇರೆ. ಇದು ಎಲ್ಲ ಕಂಪನಿಗಳಿಗೂ ಒಂದೇ. ವ್ಯತ್ಯಾಸವಾಗುವುದು ನಮ್ಮ ಗಾಡಿಗೇ ಆಗುವ ಹಾನಿಯ ವಿಮೆ ಮತ್ತು ಝೀರೋ ಡೆಪ್, ಎಂಜಿನ್ ರಕ್ಷಣೆಯಂಥ ಸೇರ್ಪಡೆಗಳಲ್ಲಿ. ಶೋರೂಮಿನವರು ಹೆಸರಿಸಿದ ಕಂಪನಿಯಿಂದಲೇ, ಗಾಡಿಯ ಅದೇ ವಿಮಾ ಮೌಲ್ಯಕ್ಕೆ (ಐಡಿವಿ), ಅದೇ ಸೇರ್ಪಡೆಗಳಿಗೆ ಹೊರಗೆ ದರ ಕೇಳಿದೆ. 30,100 ಎಂದರು. ಒಂದೇ ಕಾಗದಕ್ಕೆ ಹದಿಮೂರು ಸಾವಿರದ ಅಂತರ.

ಮತ್ತೆ ಶೋರೂಮಿಗೆ ಹೋಗಿ ಅದನ್ನು ಮ್ಯಾನೇಜರ್ ಮುಂದಿಟ್ಟಾಗ, "ಹೊರಗಡೆ ಮಾಡಿಸಿದ್ರೆ ಕ್ಯಾಶ್‌ಲೆಸ್ ಸಿಗಲ್ಲ ಮೇಡಂ, ಆಕ್ಸಿಡೆಂಟ್ ಆದಾಗ ನಮ್ಮ ಹತ್ರ ಬರ್ಬೇಡಿ" ಎಂದರು. ಕಾಯಿಲೆಯವರನ್ನು ಕೂರಿಸಿಕೊಂಡು ಓಡಾಡುವ ಮನೆಯವರಿಗೆ ಈ ಮಾತು ಎಷ್ಟು ಹೆದರಿಕೆ ಹುಟ್ಟಿಸುತ್ತದೆಂದು ಹೇಳಬೇಕಿಲ್ಲ. ಆದರೆ ಕ್ಯಾಶ್‌ಲೆಸ್ ನಿಂತಿರುವುದು ವಿಮಾ ಕಂಪನಿಗೂ ಗ್ಯಾರೇಜಿಗೂ ಇರುವ ಒಪ್ಪಂದದ ಮೇಲೆ. ಪಾಲಿಸಿ ಯಾರ ಕೈಯಿಂದ ಬಂತೆಂಬುದರ ಮೇಲಲ್ಲ. ಆ ಕಂಪನಿಯ ಗ್ಯಾರೇಜುಗಳ ಪಟ್ಟಿಯಲ್ಲಿ ಇದೇ ಶೋರೂಮಿನ ವರ್ಕ್‌ಶಾಪಿನ ಹೆಸರಿತ್ತು. ಮೊಬೈಲಿನಲ್ಲಿ ಅದನ್ನು ತೆರೆದು ತೋರಿಸಿದೆ. ಅವರು ಫೋನ್ ಬಂದವರಂತೆ ಎದ್ದು ಹೋದರು. ಮತ್ತೆ ನಮ್ಮ ಟೇಬಲ್ಲಿಗೆ ಬರುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು.

ಕಾಯಿಸುವುದೂ ಅಲ್ಲಿ ಒಂದು ಉಪಾಯ ಎಂದು ನನಗೆ ಅರ್ಥವಾದದ್ದು ಆ ದಿನ. ಮ್ಯಾನೇಜರ್ ಮೀಟಿಂಗಿನಲ್ಲಿದ್ದಾರೆ, ಅಕೌಂಟ್ಸಿನವರು ಬರಬೇಕು, ಸಿಸ್ಟಮ್ ಡೌನ್ ಆಗಿದೆ. ಅಷ್ಟರಲ್ಲಿ ಪಕ್ಕದ ಟೇಬಲ್ಲಿನವರಿಗೆ ಕೀ ಕೊಡುತ್ತಾರೆ, ಹಾರ ಹಾಕುತ್ತಾರೆ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ನೋಡುತ್ತಾ ಕೂತವರ ಗಟ್ಟಿತನ ಕರಗುತ್ತದೆ. ತಮ್ಮ ನನ್ನ ಕಿವಿಯ ಹತ್ತಿರ ಬಂದು, "ಬಿಡಕ್ಕ, ಹತ್ತಿಪ್ಪತ್ತು ಸಾವಿರಕ್ಕೆ ಇಷ್ಟೊಂದು ಯಾಕೆ, ಹಬ್ಬಕ್ಕೆ ಗಾಡಿ ಬರ್ಲಿ" ಎಂದ. ಅಮ್ಮನೂ ಫೋನಿನಲ್ಲಿ ಅದನ್ನೇ ಹೇಳಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಆ ದುಡ್ಡು ನನ್ನ ಸಂಬಳದಿಂದ ಕಂತುಕಂತಾಗಿ, ಬಡ್ಡಿ ಸಮೇತ ಹೋಗಬೇಕಾದದ್ದು.

ಕಿಟ್ ಬಿಡಿ ಎಂದಾಗ ಮ್ಯಾನೇಜರ್ ಹೇಳಿದ್ದು: "ಕಿಟ್ ಇಲ್ದೆ ಗಾಡಿ ಬಿಲ್ಲೇ ಆಗಲ್ಲ, ಸಿಸ್ಟಮ್ ತಗೊಳ್ಳಲ್ಲ." ಕಿಟ್ಟಿನಲ್ಲಿ ಇದ್ದದ್ದು ಮ್ಯಾಟು, ಮಡ್‌ಫ್ಲಾಪು, ಸೀಟ್ ಕವರು, ಕ್ರೋಮ್ ಪಟ್ಟಿ, ಒಂದು ಸುಗಂಧದ ಬಾಟಲಿ. ಮ್ಯಾಟು, ಮಡ್‌ಫ್ಲಾಪು ಸಾಕು ಎಂದೆ. ಆಗುವುದಿಲ್ಲ ಎಂದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(41)ನೇ ಕಲಂ ಇದನ್ನೇ ಹೇಳುತ್ತದೆ: ಒಂದು ವಸ್ತು ಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕೆಂದು ಷರತ್ತು ಹಾಕುವುದು ನಿರ್ಬಂಧಕ ವ್ಯಾಪಾರ ಪದ್ಧತಿ. ಅದನ್ನು ಹೇಳಿ, "ಕಿಟ್ ಕಡ್ಡಾಯ, ಹ್ಯಾಂಡ್ಲಿಂಗ್ ಕಡ್ಡಾಯ ಅಂತ ನಿಮ್ಮ ಲೆಟರ್‌ಹೆಡ್ಡಿನಲ್ಲಿ ಬರೆದು ಸೀಲ್ ಹಾಕಿಕೊಡಿ, ಪೂರ್ತಿ ಕೊಡ್ತೀನಿ" ಎಂದೆ. ಬರೆದುಕೊಡಲಿಲ್ಲ. ಬಾಯಲ್ಲಿ ಅಷ್ಟು ಗಟ್ಟಿಯಾಗಿದ್ದ ನಿಯಮ ಕಾಗದದ ಮೇಲೆ ಒಂದು ಸಾಲಿನಷ್ಟೂ ಇಳಿಯಲಿಲ್ಲ. ಬದಲಿಗೆ ಬುಕಿಂಗ್ ಕ್ಯಾನ್ಸಲ್ ಮಾಡಿದರೆ 5,000 ಕತ್ತರಿಸುತ್ತೇವೆ ಎಂದರು. ರಸೀದಿಯ ಹಿಂಬದಿಯಲ್ಲಿ ಅಂಥ ನಿಯಮ ಇರಲಿಲ್ಲ.

ಅಲ್ಲಿಂದ ಎದ್ದು ಬಂದೆವು. ಆ ಸಂಜೆ ಹಾಳೆಯ ಫೋಟೋ, ರಸೀದಿಯ ಎರಡೂ ಬದಿಯ ಫೋಟೋ ಸೇರಿಸಿ ಕಾರು ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಬರೆದೆ. ಯಾವ ಸಾಲಿಗೆ ನನ್ನ ಆಕ್ಷೇಪ, ಯಾಕೆ ಎಂದು ಒಂದೊಂದನ್ನೂ ಬಿಡಿಸಿದ್ದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಟ್ಟೆ. ಅಕ್ಟೋಬರ್ 1ರ ಆಯುಧಪೂಜೆ ಬಂತು. ಅಂಗಳದಲ್ಲಿ ತಮ್ಮನ ಹಳೆಯ ಬೈಕಿಗೆ, ಅಪ್ಪನ ಸೈಕಲ್ಲಿಗೆ ಪೂಜೆ ಮಾಡಿದೆವು. ಅಮ್ಮ ಏನೂ ಅನ್ನಲಿಲ್ಲ, ಆದರೆ ಮುಖ ಸಪ್ಪಗಿತ್ತು. ಹಬ್ಬದ ವಾರವೂ ಡಯಾಲಿಸಿಸ್ ತಪ್ಪುವಂತಿಲ್ಲ. ಬಾಡಿಗೆ ಕಾರಿನಲ್ಲಿ ಹೋಗಿ ಬಂದೆವು. ಈ ದಿನಗಳೇ ನನಗೆ ಎಲ್ಲಕ್ಕಿಂತ ಕಷ್ಟವಾದವು. ಪ್ರತಿ ಸಲ ಅಪ್ಪನನ್ನು ತೋಳು ಹಿಡಿದು ಬಾಡಿಗೆ ಗಾಡಿಗೆ ಹತ್ತಿಸುವಾಗ, ಹಟಕ್ಕೆ ಬಿದ್ದು ಇವರನ್ನು ನೋಯಿಸುತ್ತಿದ್ದೇನೆಯೇ ಎಂಬ ಪ್ರಶ್ನೆ ಎದೆಯಲ್ಲಿ ಕೂತಿರುತ್ತಿತ್ತು. ಅಪ್ಪ ಒಮ್ಮೆ ದಾರಿಯಲ್ಲಿ, "ನ್ಯಾಯವಾದ ದುಡ್ಡು ಎಷ್ಟಾದ್ರೂ ಕೊಡು ಮಗಳೇ, ಹೆದರಿಸಿ ಕೇಳಿದ್ದು ಕೊಡಬೇಡ" ಎಂದರು. ಮುಂದೆ ನಾನು ಅಳುಕಲಿಲ್ಲ.

ದಸರಾ ಕಳೆದ ಮೇಲೆ ಶೋರೂಮಿನಿಂದ ಫೋನ್ ಬಂತು. ಈ ಸಲ ಮಾತಾಡಿದವರ ದನಿ ಬೇರೆಯಾಗಿತ್ತು. ಇನ್ಶೂರೆನ್ಸ್ ಹೊರಗಿನದೇ ಇರಲಿ, ಕೋಟಿಂಗ್ ತೆಗೆದೆವು, ಹ್ಯಾಂಡ್ಲಿಂಗ್ ತೆಗೆದೆವು, ಕಿಟ್ಟಿನಲ್ಲಿ ಮ್ಯಾಟು ಮಡ್‌ಫ್ಲಾಪಿಗೆ 4,200, ಆರ್‌ಟಿಓ ರಸೀದಿಯ ಪ್ರಕಾರ. ಸರ್ಕಾರಿ ನೌಕರರಿಗೆಂದು ಕಂಪನಿಯೇ ಇಟ್ಟಿದ್ದ 5,000 ರಿಯಾಯಿತಿಯೂ ಆಗ ಹೊರಬಂತು. ಅದನ್ನು ಮೊದಲು ಯಾರೂ ಹೇಳಿರಲಿಲ್ಲ. ಎಕ್ಸ್‌ಟೆಂಡೆಡ್ ವಾರಂಟಿ ನಾನೇ ಬೇಕೆಂದು ಉಳಿಸಿಕೊಂಡೆ. ಎಲ್ಲ ಸೇರಿ 8,48,800. ಮೊದಲ ಹಾಳೆಗಿಂತ 52,200 ಕಡಿಮೆ.

ನಮಗೆಂದು ಮೊದಲು ತೋರಿಸಿದ ಕಾರು ಮಾರ್ಚಿನಲ್ಲಿ ತಯಾರಾಗಿ ಯಾರ್ಡಿನಲ್ಲಿ ನಿಂತದ್ದು. ಚಾಸಿ ನಂಬರ್ ಕೇಳಿ ತಿಳಿದುಕೊಂಡು, ಬೇರೆ ಗಾಡಿ ಕೊಡಿ ಎಂದೆ, ಆಗಸ್ಟಿನದು ಬಂತು. ಮಾರಾಟದ ಪ್ರಮಾಣಪತ್ರವಾದ ಫಾರಂ 21ರಲ್ಲಿ ತಯಾರಾದ ತಿಂಗಳು, ವರ್ಷ ನಮೂದಾಗಿರುತ್ತದೆ. ಅದನ್ನು ನೋಡಿದ ಮೇಲೆಯೇ ಉಳಿದ ದುಡ್ಡು ಕಟ್ಟಿದ್ದು.

ಕೀ ತೆಗೆದುಕೊಳ್ಳುವ ದಿನ ಆ ಸೇಲ್ಸ್ ಹುಡುಗ ಪಕ್ಕಕ್ಕೆ ಬಂದು, "ಮೇಡಂ, ನಮ್ದೂ ತಪ್ಪಿಲ್ಲ, ಕಿಟ್ಟು ಇನ್ಶೂರೆನ್ಸು ಹಾಕಿದ್ರೇನೇ ನಮಗೆ ಇನ್ಸೆಂಟಿವ್" ಎಂದ. ಅವನೂ ನಮ್ಮ ಸೀಮೆಯ ಹಳ್ಳಿಯವನೇ. ಅವನ ಮೇಲೆ ನನಗೆ ಸಿಟ್ಟಿಲ್ಲ. ಶೋರೂಮಿನವರಿಗೂ ತೊಂದರೆಗಳಿದ್ದವು, ಹಳೆಯ ಸ್ಟಾಕಿನ ಮೇಲೆ ಕಟ್ಟಿದ್ದ ಸೆಸ್ ಅವರಿಗೆ ಹೊರೆಯಾಗಿತ್ತು. ಆದರೆ ಆ ಹೊರೆ ಇಳಿಸಿಕೊಳ್ಳಲು ಕೊಳ್ಳುವವರ ಹಬ್ಬ, ಹೆದರಿಕೆ, ಅವಸರವನ್ನು ಬಳಸುವುದು ವ್ಯಾಪಾರವಲ್ಲ. ಸರ್ಕಾರ ಜನರಿಗೆಂದು ಬಿಟ್ಟ ಅರವತ್ತೈದು ಸಾವಿರದಲ್ಲಿ ಐವತ್ತೆರಡು ಸಾವಿರ ನಮ್ಮ ಮನೆ ತಲುಪದೆ ಆ ಕೆಳಗಿನ ಸಾಲುಗಳಲ್ಲೇ ಕರಗಿಹೋಗುತ್ತಿತ್ತು. ತೆರಿಗೆ ಇಳಿದರೆ ಸಾಲದು, ಇಳಿದದ್ದು ಕೊಳ್ಳುವವರ ಕೈಗೆ ಬರಬೇಕು.

ಈಗ ಶಾಲೆಯಲ್ಲಿ ಯಾರೇ ಕಾರಿನ ಮಾತೆತ್ತಿದರೂ ನಾನು ಹೇಳುವುದಿಷ್ಟು. ಕೊಟೇಶನ್ ಬಿಡಿಬಿಡಿಯಾಗಿ, ಸೀಲ್ ಸಮೇತ ಪಡೆಯಿರಿ. ವಿಮೆಯ ದರ ಹೊರಗೆ ಕೇಳಿ. ಬ್ಯಾಂಕ್ ಸಾಲವನ್ನು ಮೊದಲೇ ಮಂಜೂರು ಮಾಡಿಸಿಕೊಂಡು ಹೋಗಿ. ಕಾರು ಹತ್ತು ಲಕ್ಷ ದಾಟಿದರೆ ಮುಂಗಡವಾಗಿ ಹಿಡಿಯುವ ಶೇಕಡ 1 ತೆರಿಗೆ (ಟಿಸಿಎಸ್) ನಿಮ್ಮದೇ ಹಣ, ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳಿ. ಯಾವುದನ್ನಾದರೂ ಕಡ್ಡಾಯ ಎಂದರೆ ಬರೆದುಕೊಡಿ ಎನ್ನಿ.

ಆದರೆ ಇಷ್ಟೆಲ್ಲ ತಿಳಿದವರಿಗೆ ಮಾತ್ರ ನ್ಯಾಯದ ಬೆಲೆ ಸಿಗುವಂತಾಗಬಾರದು. ಐದು ರೂಪಾಯಿಯ ಬಿಸ್ಕತ್ತು ಪೊಟ್ಟಣದ ಮೇಲೂ ಎಲ್ಲ ತೆರಿಗೆ ಸೇರಿದ ಬೆಲೆ ಅಚ್ಚಾಗಿರಬೇಕೆಂದು ನಮ್ಮ ಕಾನೂನು ಹೇಳುತ್ತದೆ. ವರ್ಷಗಟ್ಟಲೆ ಸಂಬಳ ತಿನ್ನುವ ಕಾರಿನ ವಿಷಯದಲ್ಲೂ ಅದೇ ಆಗಲಿ. ಜೀವಾವಧಿ ತೆರಿಗೆ ಎಷ್ಟು, ನೋಂದಣಿ ಶುಲ್ಕ ಎಷ್ಟು, ಯಾವುದು ಕಡ್ಡಾಯ, ಯಾವುದು ಕೊಳ್ಳುವವರ ಇಷ್ಟ ಎಂಬ ಫಲಕ ಪ್ರತಿ ಶೋರೂಮಿನ ಗೋಡೆಯ ಮೇಲೆ ಕನ್ನಡದಲ್ಲಿ ಇರಲಿ, ಇದೆಯೋ ಇಲ್ಲವೋ ಎಂದು ಸಾರಿಗೆ ಇಲಾಖೆ ಹೋಗಿ ನೋಡಲಿ. ಓದು ಬರಹ ಬರುವ ಸರ್ಕಾರಿ ನೌಕರಿಯ ನನಗೇ ಇಷ್ಟು ದಣಿವಾಯಿತು. ಹೊಲ ಅಡವಿಟ್ಟು ಗಾಡಿ ಕೊಳ್ಳುವ ರೈತರು ಆ ಹಾಳೆಯ ಮುಂದೆ ಒಬ್ಬರೇ ಕೂರುವಂತಾಗಬಾರದು.