ಘಾಟಿ ಇಳಿಯದ ಕಿವಿ

ತೀರ್ಥಹಳ್ಳಿಯಿಂದ ಮುಂಬಯಿಗೆ ಮರಳುವ ನನ್ನ ದಾರಿ ಆಗುಂಬೆ ಘಾಟಿಯದು. ಮಿನಿ ಬಸ್ಸಿನಲ್ಲಿ ಉಡುಪಿ, ಅಲ್ಲಿಂದ ಮತ್ಸ್ಯಗಂಧ ರೈಲು. ಜೊತೆಗೆ ಬಾ ಎಂದು ಕರೆದರೆ ಅಮ್ಮನದು ಪ್ರತಿ ಸಲವೂ ಒಂದೇ ಮಾತು: "ಘಾಟಿ ಇಳಿದ್ರೆ ಕಿವಿ ಕಟ್ತದೆ ಮಾರಾಯ, ನಾ ಬರಲ್ಲ." ಅದು ನೆಪ ಎಂದೇ ನಂಬಿದ್ದೆ.

ಕಳೆದ ಮಳೆಗಾಲದಲ್ಲಿ ಜೋರು ನೆಗಡಿಯಲ್ಲೇ ಹೊರಟೆ. ಆಗುಂಬೆಯ ಸೂರ್ಯಾಸ್ತದ ಕಟ್ಟೆ ಮಂಜಿನಲ್ಲಿ ಮುಚ್ಚಿತ್ತು. ಘಾಟಿಯ 14 ತಿರುವುಗಳಲ್ಲಿ ನಾಲ್ಕೈದು ಇಳಿಯುವಷ್ಟರಲ್ಲಿ ಎರಡೂ ಕಿವಿಗೆ ಹತ್ತಿ ತುರುಕಿದಂತಾಯಿತು. ಪಕ್ಕದ ಸೀಟಿನ ಅಜ್ಜ, "ಎಂಜಲು ನುಂಗಿ, ಬಿಡ್ತದೆ" ಎಂದರು. ಎಡಗಿವಿ ಟಕ್ಕೆಂದು ಬಿಟ್ಟಿತು. ಬಲಗಿವಿ ನೋಯತೊಡಗಿತು. ಕೆಳಗೆ ಸೋಮೇಶ್ವರದಲ್ಲಿ ಮಳೆಯ ಸದ್ದು ಒಂದೇ ಕಡೆಯಿಂದ ಕೇಳುತ್ತಿತ್ತು.

ಮುಂಬಯಿಯಲ್ಲಿ ಕಿವಿ ಡಾಕ್ಟರು ಬಿಡಿಸಿ ಹೇಳಿದರು. ಮಧ್ಯಕಿವಿಯಿಂದ ಮೂಗಿನ ಹಿಂಬದಿಗೆ ಸುಮಾರು 3.5 ಸೆಂಟಿಮೀಟರಿನ ಒಂದು ನಾಳವಿದೆ. 16ನೇ ಶತಮಾನದ ಇಟಲಿಯ ವೈದ್ಯ ಯುಸ್ಟೇಕಿಯ ಹೆಸರಿನ ನಾಳ ಅದು. ಸದಾ ಮುಚ್ಚಿಕೊಂಡಿದ್ದು, ನುಂಗಿದಾಗ, ಆಕಳಿಸಿದಾಗ ಮಾತ್ರ ತೆರೆದು ಒಳಗಿನ ಹೊರಗಿನ ಒತ್ತಡ ಸರಿದೂಗಿಸುತ್ತದೆ. ಘಾಟಿ ಹತ್ತುವಾಗ ಒಳಗಿನ ಗಾಳಿ ಹಿಗ್ಗಿ ತಾನಾಗಿಯೇ ಹೊರಬೀಳುತ್ತದೆ. ಇಳಿಯುವಾಗ ಹೊರಗಿನ ಒತ್ತಡ ಏರಿ ಕಿವಿಯ ತಮಟೆಯನ್ನು ಒಳಕ್ಕೆ ತಳ್ಳುತ್ತದೆ. ಆಗ ನಾಳವನ್ನು ನಾವೇ ತೆರೆಸಬೇಕು. ನೆಗಡಿಗೆ ಊದಿಕೊಂಡ ನಾಳ ತೆರೆಯುವುದಿಲ್ಲ. ವಿಮಾನ ಇಳಿಯುವಾಗ ಮಕ್ಕಳು ಅಳುವುದಕ್ಕೂ ಹೆಚ್ಚಾಗಿ ಇದೇ ಕಾರಣ.

ಎಂಟು ದಿನ ಒಂಟಿ ಕಿವಿಯಲ್ಲಿ ಕಳೆದೆ. ನನ್ನ ದನಿ ನನಗೇ ಕೊಡದೊಳಗಿಂದ ಬಂದಂತಿತ್ತು. ಫೋನಿನಲ್ಲಿ ಅಮ್ಮನನ್ನು ಮೊದಲ ಬಾರಿಗೆ ಕೇಳಿದೆ, "ನಿಂಗೆ ಯಾವಾಗ ಹೀಗಾಗಿತ್ತು?"

"ನಿನ್ನ ಮದುವೆಗೆ ಉಡುಪಿಗೆ ಇಳಿದಾಗ. ವಾಲಗವೇ ಸರಿ ಕೇಳ್ಲಿಲ್ಲ. ಆ ಗಲಾಟೆಯಲ್ಲಿ ಯಾರಿಗೆ ಹೇಳೂದು?"

ಮದುವೆಯ ಫೋಟೊಗಳಲ್ಲಿ ಅಮ್ಮ ಯಾರು ಮಾತಾಡಿಸಿದರೂ ಸುಮ್ಮನೆ ನಗುತ್ತಿರುವುದು ನೆನಪಾಯಿತು.

ಚಳಿಗಾಲದಲ್ಲಿ ಶಿವಮೊಗ್ಗಕ್ಕೆ ಕರೆದೊಯ್ದು ಡಾಕ್ಟರಿಗೆ ತೋರಿಸಿದೆ. ವರ್ಷಗಟ್ಟಲೆಯ ಶೀತಕ್ಕೆ ಮದ್ದಾಯಿತು. ಮೂಗು ಹಗುರಾದ ಮೇಲೆ ಕಾರಿನಲ್ಲಿ ನಿಧಾನವಾಗಿ ಘಾಟಿ ಇಳಿದೆವು. ತಿರುವಿಗೊಂದು ಗುಟುಕು ನೀರು. ಸೀತಾನದಿಯ ಬಳಿ ಕಾರು ನಿಲ್ಲಿಸಿದೆ. ಅಮ್ಮ ಒಂದೊಂದೇ ಕಿವಿ ಮುಚ್ಚಿ, ಬಿಟ್ಟು ನೋಡಿದಳು.

"ಎರಡರಲ್ಲೂ ಹೊಳೆ ಕೇಳ್ತದೆ" ಎಂದಳು. ಮತ್ತೆ ಕಾರು ಹತ್ತುತ್ತ, "ಇನ್ನು ನಿನ್ನ ಮುಂಬಯಿ ಗಲಾಟೆಯನ್ನೂ ಎರಡರಲ್ಲೂ ಕೇಳ್ಬೇಕಲ್ಲ ಮಾರಾಯ!"